ಮನೆ ಕೊಳ್ಳುವ ಮುನ್ನ ಗೋಡೆ ನೋಡಿ

ಬೇಸಿಗೆಯಲ್ಲಿ ಎಲ್ಲ ಗೋಡೆಗಳೂ ಒಳ್ಳೆಯವೇ. ಅವುಗಳ ನಿಜಗುಣ ತಿಳಿಯುವುದು ಶ್ರಾವಣದ ಜಡಿಮಳೆಯಲ್ಲಿ. ರಾಯಿಕೋಡಿನಲ್ಲಾಗಲಿ ಜಹೀರಾಬಾದಿನಲ್ಲಾಗಲಿ, ಯುಗಾದಿಗೆ ಮೆಚ್ಚಿದ ಮನೆಯನ್ನು ಸಾಧ್ಯವಾದರೆ ಮಳೆಗಾಲದಲ್ಲಿ ಇನ್ನೊಮ್ಮೆ ನೋಡಿ, ಆಮೇಲೆ ಬಯಾನಾ ಕೊಡಿ.

ಅಷ್ಟು ಕಾಯಲಾಗದವರು ಮೊದಲು ವಾಸನೆ ನೋಡಬೇಕು. ಮುಚ್ಚಿದ ಕೋಣೆಯಲ್ಲಿ ಕಮಟು ಬಂದರೆ ಎಲ್ಲೋ ಬೂಸು ಹಿಡಿದಿರಬಹುದು. ಊದಿನಕಡ್ಡಿ ಹಚ್ಚಿಟ್ಟಿದ್ದರೆ ಅದು ಆರುವವರೆಗೂ ಕುಳಿತು ಮಾತನಾಡಿ! ಟ್ರಂಕು, ಕಪಾಟು ಸರಿಸಿ ಹಿಂದಿನ ಗೋಡೆ ನೋಡಿ. ಗೋಡೆಯ ಬುಡಕ್ಕೆ ಮಾತ್ರ ಹೊಸ ಸುಣ್ಣ ಬಳಿದಿದ್ದರೆ ಸಂಶಯಪಡಿ. ತಾಂಡೂರು ಕಲ್ಲಿನ ನೆಲವೆಂದು ಮರುಳಾಗಬೇಡಿ. ಕಲ್ಲು ಗಟ್ಟಿ, ಆದರೆ ಸಂದುಗಳಿಂದ ತೇವ ಏರಬಲ್ಲದು.

ಬಿಳಿ ಹುಡಿ ಕಂಡರೆ ನೀರು ಚಿಮುಕಿಸಿ. ಕರಗಿದರೆ ಅದು ಸವಳು, ಗೋಡೆ ತೇವ ಕುಡಿದಿದೆ. ಬೂಸಾದರೆ ಕರಗದು, ಒದ್ದೆ ಬಟ್ಟೆಗೆ ಬಳಿದುಕೊಳ್ಳುತ್ತದೆ. ತೆಲುಗಿನಲ್ಲಿ ಬೂಜು ಎಂದರೆ ಜೇಡರ ಬಲೆಯೂ ಹೌದು. ಮಾರುವವರು ‘ಬೂಜೇ ತಾನೆ, ಗುಡಿಸಿದರಾಯಿತು’ ಎಂದರೆ ಯಾವ ಬೂಜು ಎಂದು ಕೇಳಿ.

ಮನೆಯಲ್ಲಿ ದಮ್ಮಿನವರು, ಎಳೆಮಕ್ಕಳು ಇದ್ದರೆ ಇದು ಹಣದ ಮಾತಷ್ಟೇ ಅಲ್ಲ. ತೇವ, ಬೂಸು ಹಿಡಿದ ಮನೆಗಳಲ್ಲಿ ಉಬ್ಬಸ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಎಚ್ಚರಿಸಿದೆ.

‘ಸುಣ್ಣ ಬಳಿಸಿಕೊಡುತ್ತೇವೆ’ ಎಂದರೆ ಒಪ್ಪಬೇಡಿ. ಮೊದಲು ಸೋರಿಕೆ ನಿಲ್ಲಲಿ, ಗೋಡೆ ಒಣಗಲಿ. ಇಲ್ಲವೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಲಿ. ಬಯಾನಾ ಚೀಟಿಯಲ್ಲೇ ಅದನ್ನು ಬರೆಸಿಕೊಳ್ಳಿ.