ಕಲಾ ಪದವಿಯ ಮೊದಲ ವರ್ಷ: ಆತುರವೂ ಅರ್ಹತೆಯೂ

(ಉಜ್ಜಿನಿಯಲ್ಲಿ ನಡೆದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಭೆ ಆರಂಭವಾಗುವ ಮುನ್ನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳಿದರು. ಅದರಿಂದಲೇ ಮಾತು ಆರಂಭಿಸುತ್ತೇನೆ. “ಮೌಲವಿ ಸಾಬ್, ನನ್ನ ಮಗ ಚಿಕ್ಕಂದಿನಿಂದಲೂ ನನ್ನ ಜೊತೆ ಅಂಗಡಿಗಳ ಬೋರ್ಡು ಬರೆದವನು. ಈಗ ಪಿಯುಸಿ ಮುಗಿಸಿ ದೃಶ್ಯಕಲಾ ಪದವಿಗೆ ಸೇರುತ್ತೇನೆ ಎನ್ನುತ್ತಾನೆ. ನಾಲ್ಕು ವರ್ಷದ ಓದು. ಅದರಲ್ಲಿ ಮೊದಲ ವರ್ಷ ಪೂರ್ತಿ ಗೆರೆ ಎಳೆಯುವುದು, ಬಣ್ಣ ಕಲಸುವುದು. ಇದನ್ನೆಲ್ಲ ಬಲ್ಲವನಿಗೆ ಆ ವರ್ಷವನ್ನು ಬೇಗ ಮುಗಿಸಿಕೊಡಲು ಬರುವುದಿಲ್ಲವೇ?”

ಈ ಪ್ರಶ್ನೆಯನ್ನು ಆತುರಗಾರನ ಪ್ರಶ್ನೆಯೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಫ್ಲೆಕ್ಸ್ ಬಂದ ಮೇಲೆ ಕೈಬರಹದ ಬೋರ್ಡಿನ ಕಸುಬು ಕುಸಿಯಿತು. ಮನೆಯ ದುಡಿಯುವ ಕೈಯೊಂದು ನಾಲ್ಕು ವರ್ಷ ದಾವಣಗೆರೆಯಲ್ಲೋ ಮೈಸೂರಿನಲ್ಲೋ ಕುಳಿತರೆ ಒಲೆ ಉರಿಯುವುದು ಹೇಗೆ ಎಂಬ ಚಿಂತೆ ಅದರ ಹಿಂದಿದೆ. 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ ಎಂದು 2006ರ ಸಾಚಾರ್ ವರದಿ ಹೇಳಿತ್ತು. ನಮ್ಮ ಮಕ್ಕಳು ಓದನ್ನು ನಡುವೆ ಬಿಡುವುದು ಬುದ್ಧಿಯ ಕೊರತೆಯಿಂದಲ್ಲ, ಹೆಚ್ಚಾಗಿ ಹಣ ಮತ್ತು ಕಾಲದ ಕೊರತೆಯಿಂದ.

ಹಾಗಾದರೆ ಆ ಮೊದಲ ವರ್ಷದಲ್ಲಿ ಏನಿದೆ? ಅದನ್ನು ಬುನಾದಿ ವರ್ಷವೆನ್ನುತ್ತಾರೆ. ರೇಖಾಚಿತ್ರ, ವಸ್ತುಚಿತ್ರ, ವರ್ಣ ಅಧ್ಯಯನ, ವಿನ್ಯಾಸ, ಮಣ್ಣಿನ ಕೆಲಸ, ಮುದ್ರಣಕಲೆ, ಕಲೆಯ ಇತಿಹಾಸ ಇವೆಲ್ಲವನ್ನೂ ವಿದ್ಯಾರ್ಥಿ ಮುಟ್ಟಿ ನೋಡಬೇಕು. ಆ ಬಳಿಕವೇ ಚಿತ್ರಕಲೆ, ಶಿಲ್ಪಕಲೆ, ಅನ್ವಯಿಕ ಕಲೆ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು. 1919ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ಆರಂಭವಾದ ಬೌಹೌಸ್ ಶಾಲೆಯಲ್ಲಿ ಯೊಹಾನೆಸ್ ಇಟೆನ್ ಎಂಬ ಶಿಕ್ಷಕರು ರೂಪಿಸಿದ ಪ್ರಾರಂಭಿಕ ಪಾಠಕ್ರಮದ ಪ್ರಭಾವ ಜಗತ್ತಿನ ಅನೇಕ ಕಲಾಶಾಲೆಗಳ ಮೇಲಾಯಿತು. ಕಲಿತದ್ದನ್ನು ಬದಿಗಿಟ್ಟು ಹೊಸದಾಗಿ ನೋಡಲು ಕಲಿಸುವುದು ಅದರ ಉದ್ದೇಶವಾಗಿತ್ತು.

ಈ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬ ಗಾದೆ ನಿಮ್ಮದೇ. ಮರುಳಸಿದ್ಧೇಶ್ವರ ದೇವಾಲಯದ ಒಳಗಿನ ಕೆತ್ತನೆಯನ್ನು ಕಂಡವರು ಹೇಳಿದ ಮಾತದು. ಬೋರ್ಡು ಬರೆಯುವ ಹುಡುಗನಿಗೆ ಕೈ ಪಳಗಿದೆ, ನಿಜ. ಆದರೆ ಮಣ್ಣನ್ನು ಮುಟ್ಟದೆ, ಕಲೆಯ ಇತಿಹಾಸವನ್ನು ಓದದೆ, ನೆರಳು ಬೆಳಕನ್ನು ಗಂಟೆಗಟ್ಟಲೆ ಗಮನಿಸದೆ ಅವನು ಎರಡನೆಯ ವರ್ಷಕ್ಕೆ ಹೋದರೆ ಹೊರಗನ್ನಷ್ಟೇ ನೋಡಿದವನಾಗುತ್ತಾನೆ.

ನಾನು ಮದ್ರಸಾದಲ್ಲಿ ಕಲಿತವನು. ಮರದ ತಖ್ತಿಯ ಮೇಲೆ ಬಿದಿರಿನ ಕಲಮಿನಿಂದ ಅಲಿಫ್ ಬರೆಯುತ್ತಿದ್ದೆ. ಉಸ್ತಾದರು ಅದನ್ನು ಒರೆಸಿ ಮತ್ತೆ ಬರೆಸುತ್ತಿದ್ದರು. ಆಗ ಕೋಪ ಬರುತ್ತಿತ್ತು. ಮುಂದೆ ಕಲಾ ಪದವಿಗಾಗಿ ಇತಿಹಾಸ ಓದುವಾಗ ಅದರ ಅರ್ಥ ತಿಳಿಯಿತು. 10ನೇ ಶತಮಾನದ ಬಗ್ದಾದಿನ ಇಬ್ನ್ ಮುಕ್ಲಾ ಅಕ್ಷರಗಳಿಗೆ ಕಲಮಿನ ಚುಕ್ಕಿಯನ್ನೇ ಅಳತೆಗೋಲನ್ನಾಗಿ ಮಾಡಿದರೆಂದು ಇತಿಹಾಸಕಾರರು ಹೇಳುತ್ತಾರೆ. ಆ ಪರಂಪರೆಯಲ್ಲಿ ಬಿಡಿ ಅಕ್ಷರ ಮೊದಲು, ಕೂಡಕ್ಷರ ನಂತರ. ಕೈ ಪಕ್ವವಾಯಿತೆಂದು ಉಸ್ತಾದರಿಗೆ ಮನವರಿಕೆಯಾದಾಗ ಇಜಾಝತ್ ಸಿಗುತ್ತಿತ್ತು. ಅಲ್ಲಿ ವರ್ಷಗಳ ಲೆಕ್ಕಕ್ಕಿಂತ ಕೈಯ ಲೆಕ್ಕ ದೊಡ್ಡದು. ಚುರುಕಾದವನು ಬೇಗ ಮುಗಿಸುತ್ತಿದ್ದ. ಆದರೆ ಅಲಿಫನ್ನು ಬಿಟ್ಟು ಮುಂದೆ ಹೋದವನು ಯಾರೂ ಇಲ್ಲ. ಬಿಜಾಪುರದ ಇಬ್ರಾಹೀಮ್ ರೋಜಾದಲ್ಲಿ ಕಲ್ಲನ್ನೇ ಕೊರೆದು ಅಕ್ಷರದ ಜಾಲಂಧ್ರಗಳನ್ನು ಮಾಡಿದ ಕೈಗಳು ಇಂತಹ ಶಿಸ್ತಿನಿಂದಲೇ ಬಂದವು.

ಈಗ ಕಾನೂನು ಏನು ಹೇಳುತ್ತದೆಂದು ನೋಡೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2024ರ ಕೊನೆಯಲ್ಲಿ ಎರಡು ವ್ಯವಸ್ಥೆಗಳಿಗೆ ಒಪ್ಪಿಗೆ ನೀಡಿತು. ಒಂದು, ತ್ವರಿತ ಪದವಿ. ಪ್ರತಿ ಸೆಮಿಸ್ಟರಿನಲ್ಲಿ ಹೆಚ್ಚಿನ ಕ್ರೆಡಿಟ್ ಗಳಿಸುವ ವಿದ್ಯಾರ್ಥಿ ನಾಲ್ಕು ವರ್ಷದ ಪದವಿಯನ್ನು ಗರಿಷ್ಠ ಎರಡು ಸೆಮಿಸ್ಟರ್ ಮುಂಚೆ ಮುಗಿಸಬಹುದು. ಆದರೆ ಒಟ್ಟು ಕ್ರೆಡಿಟ್‌ಗಳಲ್ಲಿ ರಿಯಾಯಿತಿಯಿಲ್ಲ. ಮೊದಲ ಅಥವಾ ಎರಡನೆಯ ಸೆಮಿಸ್ಟರ್ ಮುಗಿದ ಬಳಿಕ ಸಮಿತಿಯೊಂದು ವಿದ್ಯಾರ್ಥಿಯ ಸಾಮರ್ಥ್ಯವನ್ನು ಅಳೆಯಬೇಕು. ಅಂದರೆ ಮೊದಲ ವರ್ಷವನ್ನು ಹಾರಿ ಹೋಗುವ ದಾರಿ ಇದಲ್ಲ. ಮೊದಲ ವರ್ಷದ ಕೆಲಸವೇ ಈ ದಾರಿಯ ರಹದಾರಿ. ಪ್ರವೇಶ ಸಂಖ್ಯೆಯ ಶೇ. 10ರವರೆಗೆ ಮಾತ್ರ ಇದಕ್ಕೆ ಅವಕಾಶ.

ಎರಡನೆಯದು ವಿಸ್ತೃತ ಪದವಿ. ಇದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ದುಡಿಯುತ್ತಾ ಓದುವವನು ಸೆಮಿಸ್ಟರಿಗೆ ಕಡಿಮೆ ಕ್ರೆಡಿಟ್ ತೆಗೆದುಕೊಂಡು ಗರಿಷ್ಠ ಎರಡು ಸೆಮಿಸ್ಟರ್ ಹೆಚ್ಚು ಕಾಲದಲ್ಲಿ ಅದೇ ಪದವಿಯನ್ನು ಪಡೆಯಬಹುದು. ನನ್ನ ಅಭಿಪ್ರಾಯದಲ್ಲಿ ನಮ್ಮ ಮನೆಗಳಿಗೆ ಹೆಚ್ಚು ಬೇಕಾದ ಬಾಗಿಲು ಇದು. ಖಾಸಗಿ ತರಬೇತಿ ಪಡೆದು, ಊಟದ ಚಿಂತೆಯಿಲ್ಲದೆ ಓದುವವನಿಗೆ ವೇಗ ಸುಲಭ. ಸಂಜೆ ಅಂಗಡಿಯಲ್ಲಿ ದುಡಿಯುವವನ ಮೇಲೆ ವೇಗವನ್ನು ಹೇರಿದರೆ ಅವನು ಓದನ್ನೇ ಬಿಟ್ಟಾನು.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಕಸುಬಿನಿಂದ ಕಲಿತ ಕೈಗೆ ಮನ್ನಣೆ ಬೇಕು. ಪರೀಕ್ಷಿಸಲಿ, ಕೆಲಸದ ಕಡತವನ್ನು ನೋಡಲಿ, ಬಲ್ಲದ್ದಕ್ಕೆ ಕ್ರೆಡಿಟ್ ಕೊಡಲಿ. ಅರಿಯದ್ದನ್ನು ಪೂರ್ತಿ ಕಲಿಸಲಿ. ಬಡವನ ವರ್ಷವನ್ನು ಉಳಿಸುವ ಹೆಸರಿನಲ್ಲಿ ಅವನ ಬುನಾದಿಯನ್ನು ಕತ್ತರಿಸಬಾರದು.

ಪಾಲಕರು ಮಾಡಬೇಕಾದ ಕೆಲವು ಕೆಲಸಗಳಿವೆ. ಮಗನಿರಲಿ ಮಗಳಿರಲಿ, ಶಾಲೆಯಲ್ಲಿರುವಾಗಲೇ ಲೋಯರ್ ಮತ್ತು ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರಿಸಿ. ಅರ್ಜಿ ಹಾಕುವ ಮುನ್ನ ತ್ವರಿತ ಅಥವಾ ವಿಸ್ತೃತ ವ್ಯವಸ್ಥೆ ಇದೆಯೇ ಎಂದು ಕಾಲೇಜಿನಲ್ಲಿ ಬರವಣಿಗೆಯಲ್ಲಿ ಕೇಳಿ ತಿಳಿಯಿರಿ. ಎಲ್ಲ ಕಾಲೇಜುಗಳಲ್ಲಿಯೂ ಇರುತ್ತದೆಂದು ಭಾವಿಸಬೇಡಿ. ಮೊದಲ ವರ್ಷದಲ್ಲಿ ಮನುಷ್ಯಾಕೃತಿಯ ಅಧ್ಯಯನವೂ ಇರುತ್ತದೆ. ಜೀವಿಗಳ ಚಿತ್ರದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ಬಲ್ಲವರೊಂದಿಗೆ ಸೇರುವ ಮೊದಲೇ ಚರ್ಚಿಸಿರಿ. ಸೇರಿಸಿ ಆರು ತಿಂಗಳಾದ ಮೇಲೆ ಬಿಡಿಸುವುದು ಮಗುವಿಗೆ ಮಾಡುವ ಅನ್ಯಾಯ. ಜಮಾಅತ್‌ಗಳು ತಮ್ಮ ಬೈತುಲ್ ಮಾಲ್‌ನಿಂದ ಕಾಗದ, ಬಣ್ಣ, ಬಾಡಿಗೆಯ ಖರ್ಚಿಗಾದರೂ ನೆರವಾಗಲಿ. ವೈದ್ಯ, ಇಂಜಿನಿಯರ್ ವಿದ್ಯಾರ್ಥಿಗಳಿಗೆ ಕೊಡುವ ಕೈ ಕಲಾ ವಿದ್ಯಾರ್ಥಿಯ ಮುಂದೆ ಏಕೆ ಮುಚ್ಚಿಕೊಳ್ಳಬೇಕು?

ಪ್ರಶ್ನೆ ಕೇಳಿದ ಹಿರಿಯರಿಗೆ ನನ್ನ ಉತ್ತರವಿಷ್ಟೇ. ತಮ್ಮ ಮಗ ಬೇಗ ಮುಗಿಸಬಲ್ಲನಾದರೆ ಮುಗಿಸಲಿ, ಅದು ಅವನ ಅರ್ಹತೆ. ಆದರೆ ಆ ಮೊದಲ ವರ್ಷವನ್ನು ಖರ್ಚಿನ ಲೆಕ್ಕದಲ್ಲಿ ಬರೆಯಬೇಡಿ, ಬಂಡವಾಳದ ಲೆಕ್ಕದಲ್ಲಿ ಬರೆಯಿರಿ. ಒಂದು ವರ್ಷ ತಡವಾಗಿ ಬಂದ ಪದವಿಯಿಂದ ಮನೆ ಮುಳುಗುವುದಿಲ್ಲ. ಅರ್ಧಕ್ಕೆ ನಿಂತ ಓದಿನಿಂದ ಮುಳುಗಿದ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ.