ಬಂಕ್ ಪೆಟ್ರೋಲ್ ಕುಡಿಯೋ ಪುಟ್ಟ ವಿಮಾನ: ಫಿಲ್ಟರ್ ಬಿಚ್ಚಿದ್ರೆ ಟ್ಯಾಂಕಿನ ಕಥೆ ಗೊತ್ತಾಗುತ್ತೆ

  ಇವತ್ತಿನ ವಿಷಯ ಒಂದು ಚಿಕ್ಕ ಪಾರ್ಟು, ಫ್ಯುಯೆಲ್ ಫಿಲ್ಟರ್. ಅದೂ ಕಿಟ್ ತಂದು ಜೋಡಿಸಿಕೊಳ್ಳೋ ಸಣ್ಣ ವಿಮಾನದ್ದು.

ನಮಗೂ ಅದಕ್ಕೂ ಏನಪ್ಪಾ ಸಂಬಂಧ ಅಂತೀರಾ? ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಂಪನಿಯ ಎಕ್ಸ್-ಏರ್ ವಿಮಾನಗಳು ಕಿಟ್ ರೂಪದಲ್ಲಿ ಹೊರದೇಶಗಳಿಗೂ ಹೋಗಿವೆ. ಇಂಥ ಎಷ್ಟೋ ಪುಟ್ಟ ವಿಮಾನಗಳು ಬಂಕ್ ಪೆಟ್ರೋಲಿನಲ್ಲೇ ಹಾರುತ್ತವೆ. ನಮ್ಮ ದೇಶದ ಬಂಕ್ ಪೆಟ್ರೋಲಿನಲ್ಲಿ ಈಗ ಎಥೆನಾಲ್ ಬೆರೆತಿದೆ. ಅಕ್ಕಿ, ಮೆಕ್ಕೆಜೋಳದ ಜೊತೆಗೆ ನಮ್ಮ ಕಬ್ಬಿನ ರಸ, ಕಾಕಂಬಿಯಿಂದಲೂ ಅದನ್ನ ತಯಾರಿಸ್ತಾರೆ. 20% ಎಥೆನಾಲ್ ಇರೋ ಇ20 ಪೆಟ್ರೋಲ್ ಬಿಡುಗಡೆಯಾಗಿದ್ದೂ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ.

ರೈತನಿಗೆ ಇದು ಒಳ್ಳೇದೇ. ಆದ್ರೆ ಸಣ್ಣ ವಿಮಾನಗಳಲ್ಲಿ ಹೆಚ್ಚಾಗಿ ಕಾಣೋ ರೋಟಾಕ್ಸ್ 912 ಎಂಜಿನ್‌ಗೆ ಕಂಪನಿ ಒಪ್ಪೋದು 10% ಎಥೆನಾಲ್‌ವರೆಗೆ ಮಾತ್ರ. ಯಾಕೆ ಅಂದ್ರೆ, ಎಥೆನಾಲ್ ಗಾಳಿಯ ತೇವ ಹೀರುತ್ತೆ. ಹಳೇ ಟ್ಯಾಂಕಿಗೆ ಅಂಟಿದ ಕೊಳೆಯನ್ನ ಬಿಡಿಸುತ್ತೆ. ಹೊಂದದ ರಬ್ಬರ್ ಪೈಪು, ಫೈಬರ್‌ಗ್ಲಾಸ್ ಟ್ಯಾಂಕನ್ನ ಮೆತ್ತಗೆ ಮಾಡುತ್ತೆ. ಇದೆಲ್ಲಾ ಬಂದು ನಿಲ್ಲೋದು ಫಿಲ್ಟರ್‌ನಲ್ಲಿ.

ಗದ್ದೇಲಿ ಟ್ರ್ಯಾಕ್ಟರ್ ನಿಂತ್ರೆ ಫಿಲ್ಟರ್ ಬಿಚ್ಚಿ, ಏರ್ ತೆಗೆದು ಮತ್ತೆ ಸ್ಟಾರ್ಟ್ ಮಾಡ್ತೀವಿ. ನೆಲ ಬಿಟ್ಟು 300 ಅಡಿ ಏರಿದ ವಿಮಾನಕ್ಕೆ ಅಷ್ಟು ಟೈಮ್ ಇಲ್ಲ. ಅರ್ಧ ಕಟ್ಟಿದ ಫಿಲ್ಟರ್ ನೆಲದ ಮೇಲೆ ನಿಧಾನಕ್ಕೆ ಓಡುವಾಗ ಸುಮ್ಮನಿರುತ್ತೆ. ಫುಲ್ ಥ್ರಾಟಲ್ ಕೊಟ್ಟಾಗ, ಅಂದ್ರೆ ಟೇಕಾಫ್‌ನಲ್ಲೇ, ಕೈ ಕೊಡುತ್ತೆ.

ಹಾಗಾದ್ರೆ ಏನು ಮಾಡಬೇಕು?

ಮೊದಲನೇದು, ದಿನದ ಮೊದಲ ಹಾರಾಟಕ್ಕೆ ಮುಂಚೆ ಇಂಧನ ವ್ಯವಸ್ಥೆಯ ಅತಿ ತಗ್ಗಿನ ಜಾಗದ ಡ್ರೈನ್‌ನಿಂದ ಸ್ವಲ್ಪ ಪೆಟ್ರೋಲ್‌ನ ಪಾರದರ್ಶಕ ಲೋಟಕ್ಕೆ ಇಳಿಸಿ. ನೀರು ಭಾರ, ತಳದಲ್ಲಿ ಗುಳ್ಳೆ ಥರ ಕೂರುತ್ತೆ. ಆದ್ರೆ ಎಥೆನಾಲ್ ಜೊತೆ ಕರಗಿದ ನೀರು ಕಣ್ಣಿಗೆ ಕಾಣಲ್ಲ, ಫಿಲ್ಟರ್ ಕೂಡ ತಡೆಯಲ್ಲ. ನೀರು ಜಾಸ್ತಿಯಾದ್ರೆ, ಇಲ್ಲಾ ತಂಪು ಹೆಚ್ಚಾದ್ರೆ ಬೇರೆಯಾಗಿ ತಳಕ್ಕೆ ಇಳಿಯುತ್ತೆ.

ಎರಡನೇದು, ಎಥೆನಾಲ್ ಇದೆಯಾ ಅಂತ ಪರೀಕ್ಷೆ. ಅಳತೆ ಗೆರೆ ಇರೋ ಗಾಜಿನ ಕೊಳವೆಗೆ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ, ಅಲ್ಲಾಡಿಸಿ, ಬಿಡಿ. ತಳದ ನೀರು 10ರಲ್ಲೇ ನಿಂತ್ರೆ ಎಥೆನಾಲ್ ಇಲ್ಲ. ಗೆರೆ ಮೇಲೇರಿದ್ರೆ ಇದೆ.

ಮೂರನೇದು, ಮ್ಯಾನ್ಯುಯಲ್ ಹೇಳಿದಷ್ಟು ಗಂಟೆಗೆ ಫಿಲ್ಟರ್ ಬಿಚ್ಚಿ. ಫ್ಯುಯೆಲ್ ವಾಲ್ವ್ ಮುಚ್ಚಿರಲಿ, ಹತ್ತಿರ ಬೆಂಕಿ, ಕಿಡಿ ಬೇಡ. ಒಳಗಿನ ಕಸವನ್ನ ಬಿಳಿ ಬಟ್ಟೆ ಮೇಲೆ ಕೊಡವಿ ನೋಡಿ. ಅಯಸ್ಕಾಂತಕ್ಕೆ ಅಂಟಿದ್ರೆ ಕಬ್ಬಿಣದ ತುಕ್ಕು ಇರಬಹುದು. ಕಪ್ಪು ಚೂರು ಅಂದ್ರೆ ಪೈಪಿನ ರಬ್ಬರ್ ಬಿಡ್ತಿದೆ. ಜಿಗುಟು ಪದರ ಇದ್ರೆ ಟ್ಯಾಂಕೇ ಕರಗ್ತಿರಬಹುದು. ಇಲ್ಲಿ ಬರೀ ಹೊಸ ಫಿಲ್ಟರ್ ಹಾಕಿದ್ರೆ ರೋಗ ಬಿಟ್ಟು ಜ್ವರಕ್ಕೆ ಮಾತ್ರ ಮಾತ್ರೆ ಕೊಟ್ಟ ಹಾಗೆ. ಕಸ ಎಲ್ಲಿಂದ ಬಂತು ಅಂತ ಹುಡುಕಲೇಬೇಕು.

ಹೊಸದನ್ನ ಹಾಕುವಾಗ ಬಾಣದ ಗುರುತು ಎಂಜಿನ್ ಕಡೆ ಇರಲಿ. ಆಮೇಲೆ ಸೋರಿಕೆ ನೋಡಿ, ನೆಲದ ಮೇಲೇ ಫುಲ್ ಥ್ರಾಟಲ್‌ನಲ್ಲಿ ಓಡಿಸಿ, ತಾರೀಖು, ಗಂಟೆ, ಸಿಕ್ಕ ಕಸ ಎಲ್ಲವನ್ನೂ ಲಾಗ್‌ಬುಕ್‌ನಲ್ಲಿ ಬರೀರಿ. ನಮ್ಮ ದೇಶದಲ್ಲಿ ಡಿಜಿಸಿಎ ಅನುಮತಿ ಇಲ್ಲದೆ ಯಾವ ವಿಮಾನವನ್ನೂ ಹಾರಿಸೋ ಹಾಗಿಲ್ಲ ಅನ್ನೋದೂ ನೆನಪಿರಲಿ.

ವಿಮಾನ ಇಲ್ಲದೋರು ಮನೆಯ ಹಳೇ ಬೈಕನ್ನೇ ನೋಡಿ. ತಿಂಗಳುಗಟ್ಟಲೆ ನಿಂತಿದ್ರೆ ಸ್ಟಾರ್ಟ್ ಮಾಡೋ ಮುಂಚೆ ಟ್ಯಾಂಕು, ಫಿಲ್ಟರ್ ಎರಡನ್ನೂ ಮೆಕ್ಯಾನಿಕ್‌ಗೆ ತೋರಿಸಿ.