ಬೆಟ್ಟದ ಅರಮನೆ ತೋಟದಲ್ಲಿ ನೋಡತಕ್ಕದ್ದೇನು?

(ಕೆಮ್ಮಣ್ಣುಗುಂಡಿ ಪ್ರವಾಸಕ್ಕೆ ಹೊರಟ ರೈತರಿಗೆ ಶಿವಮೊಗ್ಗದ ವಿನೋಬನಗರದಲ್ಲಿ ನೀಡಿದ ಭಾಷಣ)



ವಿನೋಬನಗರದಿಂದ ಬೆಳಗಿನ ಜಾವ ಹೊರಟರೆ ಭದ್ರಾವತಿ, ತರೀಕೆರೆ, ಲಿಂಗದಹಳ್ಳಿ ಮಾರ್ಗವಾಗಿ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಕೆಮ್ಮಣ್ಣುಗುಂಡಿ ಸೇರಬಹುದು. ಹೆಸರೇ ಹೇಳುವಂತೆ ಅಲ್ಲಿಯದು ಕೆಂಪು ಮಣ್ಣು, ಕಬ್ಬಿಣದ ಅಂಶ ತುಂಬಿದ್ದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಈ ಬೆಟ್ಟದಿಂದಲೇ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯನ್ನು ಕಳೆಯಲು ಇಲ್ಲಿಗೆ ಬರುತ್ತಿದ್ದರು. ಮುಂದೆ ಅದನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. ತೋಟಗಾರಿಕೆ ಇಲಾಖೆ ಬೆಳೆಸಿದ ಆ ತಾಣಕ್ಕೆ ಕೃಷ್ಣರಾಜೇಂದ್ರ ಗಿರಿಧಾಮವೆಂದು ಅವರ ಹೆಸರೇ ಬಂದಿತು.

ಹೋದವರೆಲ್ಲ ರಾಜಭವನ ನೋಡುತ್ತಾರೆ, ಗುಲಾಬಿ ತೋಟದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ, ಬರುವಾಗ ದಾರಿಯಲ್ಲಿ ನಾಲ್ಕು ಸಸಿ ಕೊಂಡು ತರುತ್ತಾರೆ. ಬರುವ ಬೇಸಿಗೆಯೊಳಗೆ ಅವುಗಳಲ್ಲಿ ಮೂರು ಒಣಗಿರುತ್ತವೆ. ಸಸಿ ಮಾರಿದವನನ್ನು ಬೈಯುವುದು ಆಮೇಲಿನ ಮಾತು. ಮೊದಲು ಎತ್ತರವನ್ನು ಗಮನಿಸಬೇಕು. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದಲ್ಲಿದೆ. ಶಿವಮೊಗ್ಗ ಸುಮಾರು 570 ಮೀಟರ್. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಎಂದರೆ ಅಲ್ಲಿಗೂ ಇಲ್ಲಿಗೂ 5 ಡಿಗ್ರಿಯಷ್ಟು ಅಂತರ. ತಂಪಿನಲ್ಲಿ ಬೆಳೆದ ಗಿಡಕ್ಕೆ ಏಪ್ರಿಲ್ ತಿಂಗಳ ಶಿವಮೊಗ್ಗದ ಬಿಸಿಲು ಸಣ್ಣ ಪರೀಕ್ಷೆಯಲ್ಲ.

ಹಾಗಾದರೆ ಅಂಥ ತೋಟ ನೋಡಿ ರೈತನಿಗೆ ಪ್ರಯೋಜನವೇನು? ಇಂಗ್ಲೆಂಡಿನ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಹಳೆಯ ಜಮೀನ್ದಾರರ ಬಂಗಲೆಗಳ ತೋಟಗಳನ್ನು ಜನ ಟಿಕೆಟ್ ಕೊಂಡು ನೋಡುತ್ತಾರೆ. ಕೆಂಟ್ ಪ್ರಾಂತದ ಸಿಸಿಂಗ್‌ಹರ್ಸ್ಟ್ ಅಂಥದೊಂದು. 1930ರಲ್ಲಿ ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಮತ್ತು ಅವರ ಪತಿ ಹೆರಾಲ್ಡ್ ನಿಕಲ್ಸನ್ ಕೊಂಡಾಗ ಅದು ಪಾಳುಬಿದ್ದಿತ್ತು. ಇಟ್ಟಿಗೆ ಗೋಡೆ ಮತ್ತು ಎತ್ತರದ ಬೇಲಿಗಿಡಗಳಿಂದ ಕೋಣೆ ಕೋಣೆಯಾಗಿ ಅವರು ತೋಟ ಕಟ್ಟಿದರು. ಇಂಥ ಬಂಗಲೆಗಳಲ್ಲಿ ದಕ್ಷಿಣಕ್ಕೆ ಮುಖಮಾಡಿದ ಗೋಡೆಗೆ ಪೀಚ್, ಪೇರು ಮುಂತಾದ ಹಣ್ಣಿನ ಗಿಡಗಳನ್ನು ಒರಗಿಸಿ, ಕೊಂಬೆಗಳನ್ನು ಹರಡಿ ಕಟ್ಟುವ ವಾಡಿಕೆ ಇದೆ. ಗೋಡೆ ಹಗಲು ಬಿಸಿಲು ಹೀರಿ ರಾತ್ರಿ ಶಾಖ ಬಿಡುತ್ತದೆ. ಚಳಿಯ ದೇಶದಲ್ಲಿ ಬಿಸಿಲನ್ನು ಕೂಡಿಡುವ ಉಪಾಯ ಅದು.

ನಮ್ಮ ಅಡಿಕೆ ಬೆಳೆಗಾರ ಅದೇ ಬಿಸಿಲಿಗೆ ಬೆನ್ನು ತೋರಿಸುತ್ತಾನೆ! ನೈರುತ್ಯದ ಇಳಿಬಿಸಿಲು ಬಿದ್ದರೆ ಎಳೆಯ ಅಡಿಕೆ ಮರದ ಕಾಂಡ ಸುಟ್ಟು, ಸೀಳಿ, ಮುಂದೆ ಗಾಳಿಗೆ ಮುರಿದು ಬೀಳುತ್ತದೆ. ಆದುದರಿಂದ ತೋಟದ ದಕ್ಷಿಣ, ಪಶ್ಚಿಮ ಅಂಚಿಗೆ ಎತ್ತರದ ಮರ ಬೆಳೆಸಿ, ಕಾಂಡಕ್ಕೆ ಸೋಗೆ ಕಟ್ಟಿ ಇಲ್ಲವೆ ಸುಣ್ಣ ಬಳಿದು ಕಾಪಾಡುತ್ತೇವೆ. ಮಾಡುವ ಕೆಲಸ ತದ್ವಿರುದ್ಧ, ಹಿಂದಿನ ಲೆಕ್ಕಾಚಾರ ಒಂದೇ. ಸೋಗೆ ಕಟ್ಟುವುದು ಹಳೆಯ ಕಾಲದ ರೂಢಿಯೆಂದು ಈಚೆಗೆ ಕೆಲವರು ಬಿಟ್ಟಿದ್ದಾರೆ, ನಷ್ಟ ಅವರದೇ.

ಬೆಟ್ಟದಲ್ಲಿ ನೋಡಬೇಕಾದುದೂ ಇಂಥ ಲೆಕ್ಕಾಚಾರವನ್ನೇ. ಇಳಿಜಾರಿನಲ್ಲಿ ಪಾತಿಗಳು ಮೆಟ್ಟಿಲಾಗಿರುವುದೇಕೆ, ಮಳೆನೀರು ಯಾವ ಕಡೆಗೆ ಹರಿದುಹೋಗುತ್ತದೆ, ಕಾಲುವೆಯಲ್ಲಿ ಹೋಗುವ ನೀರು ತಿಳಿಯೋ ಕೆಂಪೋ? ಕೆಂಪಾಗಿದ್ದರೆ ಮಣ್ಣು ಕೊಚ್ಚಿಹೋಗುತ್ತಿದೆಯೆಂದು ಅರ್ಥ. ಹೂ ನೋಡುವವರು ಚಳಿಗಾಲದಲ್ಲಿ ಹೋಗುತ್ತಾರೆ. ರೈತರು ಒಮ್ಮೆ ಮಳೆಗಾಲದಲ್ಲಿ, ರಸ್ತೆ ಸರಿಯಿದೆಯೆಂದು ವಿಚಾರಿಸಿಕೊಂಡು, ಕೊಡೆ ಹಿಡಿದು ಹೋಗುವುದು ಮೇಲು. ಊರಿಗೆ ಬಂದು ತಮ್ಮ ತೋಟದ ಬಸಿಗಾಲುವೆಯ ನೀರಿನ ಬಣ್ಣವನ್ನೂ ನೋಡಿಕೊಳ್ಳಲಿ.

ಗುಲಾಬಿಯ ಆಸೆ ಬಿಡಬೇಕಾಗಿಲ್ಲ. ಬಯಲಿಗೆ ಒಗ್ಗಿದ ಎಡ್ವರ್ಡ್ ಗುಲಾಬಿಯ ಬೇರುಗಿಡದ ಮೇಲೆ ಕಣ್ಣು ಕಸಿ ಮಾಡಿದ ಸಸಿಯನ್ನು ಊರಿನ ಸಮೀಪದ ನಂಬಿಕೆಯ ಸಸ್ಯಕ್ಷೇತ್ರದಿಂದ ಕೊಳ್ಳಿರಿ. ಬೇರುಗಿಡ ಯಾವುದೆಂದು ಕೇಳಲು ಸಂಕೋಚ ಬೇಡ. ಮಳೆ ನಿಂತ ಮೇಲೆ, ಅಕ್ಟೋಬರ್ ಸುಮಾರಿಗೆ ಸವರಿ, ಕೊಟ್ಟಿಗೆ ಗೊಬ್ಬರ ಕೊಡಿರಿ. ಕಸಿ ಕಟ್ಟಿದ ಜಾಗದ ಕೆಳಗಿನಿಂದ ಚಿಗುರು ಬಂದರೆ ಬುಡದಿಂದಲೇ ಕಿತ್ತುಹಾಕತಕ್ಕದ್ದು. ಹುಲುಸಾಗಿದೆಯೆಂದು ಬಿಟ್ಟರೆ ಮೇಲಿನ ಒಳ್ಳೆಯ ತಳಿ ಸೊರಗಿ, ಕಡೆಗೆ ಬೇರುಗಿಡವೊಂದೇ ಅಂಗಳದಲ್ಲಿ ಉಳಿಯುತ್ತದೆ.